ಮಂಕರಿಯೊಳಗಿನ ಮೀನು

ಹಳೇ ಬಿದಿರು, ಒಲೆಯ ಬೂದಿ, ನೆನೆದ ರಾಗಿತೌಡು, ಅದರ ಮೇಲೆ ಬೆಚ್ಚಗಿನ ಕೋಳಿಗರಿಯ ಘಾಟು. ಕಿಕ್ಕೇರಿಯಲ್ಲಿ ಅಮ್ಮನ ಅಮ್ಮ ನಾನಿಯ ಮನೆಯ ಹಿತ್ತಲಿನ ವಾಸನೆ ಅದು. ಬೆಳಗಾಗುತ್ತಲೇ ನಾನಿ ಬಿದಿರಿನ ದೊಡ್ಡ ಮಂಕರಿಯನ್ನು ಎತ್ತಿದರೆ ಕೋಳಿಗಳಿಗಿಂತ ಮೊದಲು ಆ ವಾಸನೆ ಹೊರಗೆ ಬರುತ್ತಿತ್ತು. ಪುಟ್ಟ ಖೈರುನ್ನೀಸಾ ಲಂಗದ ಅಂಚನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು, ಆದರೆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಕೋಳಿಗಳು ಒಂದೊಂದಾಗಿ ಮೈ ಕೊಡವಿಕೊಂಡು, ಮೊದಲು ದೊಡ್ಡದು, ಅದರ ಹಿಂದೆ ಉಳಿದವು, ತಪ್ಪದ ಸಾಲಿನಲ್ಲಿ ಹೊರಡುವುದನ್ನು ನೋಡುವುದೇ ಅವಳಿಗೆ ದಿನದ ಮೊದಲ ಕೆಲಸ.

ಐವತ್ತು ದಾಟಿದ ಮೇಲೆ ಆ ವಾಸನೆ ಮತ್ತೆ ಅವಳ ಮೂಗಿಗೆ ಬಡಿದದ್ದು ಕೋಳಿಯೇ ಇಲ್ಲದ ಅಡಿಗೆಮನೆಯಲ್ಲಿ, ಒಂದು ಗಾಯಗೊಂಡ ಮೀನಿನ ದೆಸೆಯಿಂದ. ಬಂದದ್ದೇನೋ ಬಂತು. ಒಂದು ದಿನ ಮುಂಚೆ ಬಂದಿದ್ದರೆ ಅಷ್ಟೊಂದು ಮುಖಭಂಗ ಆಗುತ್ತಿರಲಿಲ್ಲ.

ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವಳ ಮನೆ. ಗಂಡ ಪೀರ್ ಅಹಮದ್ ಮೀನಿನ ಟ್ಯಾಂಕುಗಳನ್ನು ನೋಡಿಕೊಳ್ಳುವವನು. ಅಂಗಡಿ ಅಂತ ಇಲ್ಲ. ಸ್ಕೂಟರಿನ ಮುಂದೆ ಬಕೆಟ್ಟು, ಹಿಂದೆ ಪೈಪಿನ ಸುರುಳಿ ಕಟ್ಟಿಕೊಂಡು ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ಸುತ್ತುವುದೇ ಅವನ ಅಂಗಡಿ. ಆಸ್ಪತ್ರೆ, ಲಾಡ್ಜು, ಬಟ್ಟೆ ಅಂಗಡಿ, ಎಲ್ಲೆಲ್ಲಿ ಗಾಜಿನ ಟ್ಯಾಂಕು ಇದೆಯೋ ಅಲ್ಲಿ ನೀರು ಬದಲಿಸಬೇಕು, ಪಾಚಿ ಉಜ್ಜಬೇಕು, ಮೋಟಾರು ನೋಡಬೇಕು. ಹೆಚ್ಚಿನವು ಸಿಹಿನೀರಿನ ಟ್ಯಾಂಕುಗಳೇ. ಊರಿಗೊಂದರಂತೆ ಮಾತ್ರ ಉಪ್ಪುನೀರು ತುಂಬಿ, ಒಳಗೆ ಜೀವಂತ ಹವಳ ಬೆಳೆಸುವ ಟ್ಯಾಂಕುಗಳಿದ್ದವು. ಕಾವೇರಿ ನೀರು ಕುಡಿಯುವವರ ಊರಿನಲ್ಲಿ ಸಮುದ್ರವನ್ನು ಸಾಕುವ ಕೆಲಸ. ಮಗುವಿಗೆ ಹಾಲು ಬೆಚ್ಚಗೆ ಮಾಡಿದಷ್ಟೇ ಹದವಾಗಿ ಆ ನೀರಿನ ಉಪ್ಪು, ಬಿಸಿ ಎರಡನ್ನೂ ನೋಡಿಕೊಳ್ಳಬೇಕು.

ಹೋದ ಮಳೆಗಾಲದಲ್ಲಿ ಬಾಬುರಾಯನಕೊಪ್ಪಲಿನ ಹತ್ತಿರ ಸ್ಕೂಟರ್ ಜಾರಿ ಪೀರ್ ಅಹಮದನ ತೊಡೆಯ ಮೂಳೆ ಮುರಿಯಿತು. ಅವನನ್ನು ಆಸ್ಪತ್ರೆಯಲ್ಲಿ ಮಲಗಿಸಿದ ಮಾರನೇ ದಿನವೇ ಖೈರುನ್ನೀಸಾ ಬಕೆಟ್ಟು ಹಿಡಿದು ಬಸ್ಸು ಹತ್ತಿದಳು. ಜನ ಏನಂದುಕೊಳ್ಳುತ್ತಾರೋ ಎಂದು ಕೂತರೆ ಮೀನು ಕಾಯುವುದಿಲ್ಲವಲ್ಲ. ಮೊದಮೊದಲು ಪ್ರತಿಯೊಂದಕ್ಕೂ ಗಂಡನಿಗೆ ಫೋನ್ ಮಾಡಿ ಕೇಳುತ್ತಿದ್ದಳು. ಬರಬರುತ್ತ ಫೋನ್ ಮಾಡುವುದು ಕಡಿಮೆಯಾಯಿತು. ನೀರನ್ನು ಬೆರಳಿನಲ್ಲಿ ಮುಟ್ಟಿದರೆ ಸಾಕು, ಮೋಟಾರಿನ ಸದ್ದು ಕೇಳಿದರೆ ಸಾಕು, ಏನು ಹೆಚ್ಚು ಕಡಿಮೆಯಾಗಿದೆ ಎಂದು ಗೊತ್ತಾಗುತ್ತಿತ್ತು. ಮದುವೆಯಾಗಿ ಬಂದಮೇಲೆ ‘ನನ್ನ ಕೆಲಸ’ ಎಂದು ಅವಳು ಬಾಯಿಬಿಟ್ಟು ಹೇಳಿಕೊಳ್ಳುವಂಥದ್ದು ಇದೇ ಮೊದಲು.

ಪೀರ್ ಅಹಮದನ ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಮೈಸೂರಿನ ಒಂದು ಕಂಪನಿಯವರು ಈ ಊರುಗಳ ಟ್ಯಾಂಕುಗಳನ್ನೆಲ್ಲ ತಾವೇ ವಹಿಸಿಕೊಳ್ಳುತ್ತೇವೆ ಎಂದು ಬಂದು ಹೋದಮೇಲಂತೂ ಅವನ ಬಾಯಲ್ಲಿ ಒಂದೇ ಮಾತು. “ಕೊಟ್ಬುಡಾಣ ಖೈರು. ನಾನ್ ಸ್ಕೂಟರ್ ಹತ್ತಕ್ಕಾಗಲ್ಲ, ನೀನ್ ಎಷ್ಟು ದಿನ ಅಂತ ಬಕೆಟ್ ಹೊರ್ತೀಯ?”

“ನನ್ ಕೈ ನೋಯ್ತದೆ ಅಂತ ನಿಮ್ಗೆ ಹೇಳಿದ್ನಾ?” ಎನ್ನುತ್ತಿದ್ದಳು ಅವಳು.

ಕೊಡುವುದೋ ಬಿಡುವುದೋ ಎನ್ನುವುದು ಪಾಂಡವಪುರದ ಹಲ್ಲಿನ ಡಾಕ್ಟರು ರಘುನಂದನ್ ಅವರ ಮೇಲೆ ನಿಂತಿತ್ತು. ಅವರ ಆಸ್ಪತ್ರೆಯ ಹವಳದ ಟ್ಯಾಂಕನ್ನು ನೋಡಿಯೇ ಉಳಿದವರೂ ಇಟ್ಟುಕೊಂಡಿದ್ದು. ಅವರು ಬಿಟ್ಟರೆ ಕೆ.ಆರ್. ಪೇಟೆ, ನಾಗಮಂಗಲದವರೂ ಬಿಡುತ್ತಾರೆ.

ಆ ಟ್ಯಾಂಕಿನಲ್ಲಿ ಒಂದು ಜೋಕರ್ ಮೀನು. ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ. ಹಲ್ಲುನೋವಿಗೆ ಅಳುತ್ತಾ ಬಂದ ಮಕ್ಕಳು ಅದನ್ನು ನೋಡುತ್ತ ನೋವು ಮರೆಯುತ್ತಿದ್ದವು. ಎದೆ ಸೆಟೆಸಿಕೊಂಡು ಓಡಾಡುತ್ತಿದ್ದ ಅದಕ್ಕೆ ಎಲ್ಲರೂ ರಾಣಿ ಎನ್ನುತ್ತಿದ್ದರು. ಬಂದು ಬಹಳ ಕಾಲವಾಗಿತ್ತು, ಒಂಟಿಯಾಗಿಯೇ ಇತ್ತು. ಈಚೆಗೆ ಗಾಜಿನ ಮೂಲೆಯಲ್ಲಿ ತನ್ನ ನೆರಳಿನ ಜೊತೆಗೇ ಜಗಳಕ್ಕೆ ನಿಂತುಬಿಡುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಅದೇ.

“ನೋಡೋಕಾಗಲ್ಲ ಖೈರುನ್ನೀಸಾ ಅವ್ರೆ,” ಎಂದರು ಡಾಕ್ಟರು ಒಂದು ದಿನ. “ಅದಕ್ಕೊಂದು ಜೊತೆ ತರೋಕಾಗುತ್ತಾ?”

ಪೀರ್ ಅಹಮದ್ ಬೇಡವೆಂದ. “ಮರಿ ಇದ್ದಾಗ್ಲೇ ಎರಡು ಒಟ್ಟಿಗೆ ಬಿಟ್ರೆ ಸೈ. ಹಳೇ ಮೀನಿರೋ ಕಡೆ ಅದೇ ಜಾತಿದು ಇನ್ನೊಂದ್ನ ನಾನು ಯಾವತ್ತೂ ಬಿಟ್ಟಿಲ್ಲ. ಆಗಲ್ಲ ಅಂತ ಹೇಳ್ಬುಡು.”

ಖೈರುನ್ನೀಸಾ ಆಗುತ್ತದೆ ಎಂದು ಹೇಳಿ ಬಂದಿದ್ದಳು.

ಗಂಡು ಹುಡುಕುವ ಮಾತು ಆಸ್ಪತ್ರೆಯಲ್ಲೆಲ್ಲ ಹಬ್ಬಿತು. ಕಸ ಗುಡಿಸಿ ನೆಲ ಒರೆಸುವ ಮಾದಮ್ಮನ ಬಾಯಿ ಕೈಗಿಂತ ಜೋರು. ಪೊರಕೆಯನ್ನು ಗೋಡೆಗೆ ಆನಿಸಿ ಟ್ಯಾಂಕಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನ್ ಖೈರಮ್ಮ, ಮೀನ್ಗೂ ಮದ್ವೆ ಮಾಡೀಯಂತೆ?”

“ಹೂಂ ಮಾದಕ್ಕ. ನೀನೇ ಬೀಗಿತಿ.”

“ಅಂಗಾರೆ ಕೇಳು. ಗಂಡು ಎಣ್ಗಿಂತ ಒಂದ್ ಕೈ ದೊಡ್ದಾಗಿರ್ಬೇಕು. ಇಲ್ದಿದ್ರೆ ಈ ಬಜಾರಿ ಮುಂದೆ ನಿಲ್ಲಕ್ಕಾದದಾ? ಮೊದ್ಲೇ ಇವ್ಳು ನೆಳ್ಳಿನ್ ಜೊತೆ ಜಗ್ಳ ಆಡೋಳು.”

ಮುಂದಿನ ಮೇಜಿನಲ್ಲಿ ರೋಗಿಗಳ ಹೆಸರು ಕೂಗುವ ಹುಡುಗಿ ಸ್ನೇಹ ನಕ್ಕಳು. “ಹೈಟು ವೆಯ್ಟು ನೀವ್ ನೋಡಿ ಆಂಟಿ, ಜಾತ್ಕ ನಾನ್ ನೋಡ್ತೀನಿ.”

ಒಳಗಿನಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ನಿಂತಿತು. “ದೊಡ್ಡದೇ ಇರ್ಲಿ,” ಎಂದರು ಡಾಕ್ಟರು. ಸದ್ದು ಮತ್ತೆ ಶುರುವಾಯಿತು.

ಅದರಲ್ಲಿ ಯಾರಿಗೂ ಅಸಂಬದ್ಧ ಏನೂ ಕಾಣಲಿಲ್ಲ. ಖೈರುನ್ನೀಸಾಳಿಗೂ ಇಲ್ಲ. ಪೀರ್ ಅಹಮದ್ ಅವಳಿಗಿಂತ ಒಂದು ತಲೆ ಎತ್ತರ. ಮಗಳು ಜಾಸ್ಮಿನ್‌ಗೆ ಬಂದಿದ್ದ ಒಳ್ಳೆಯ ಸಂಬಂಧವೊಂದನ್ನು, ಹುಡುಗ ಎರಡು ಬೆರಳು ಗಿಡ್ಡ ಎನ್ನುವ ಒಂದೇ ಕಾರಣಕ್ಕೆ ಕೈಬಿಟ್ಟ ಮನೆ ಅದು. ಗಂಡು ದೊಡ್ಡದು, ಹೆಣ್ಣು ಚಿಕ್ಕದು. ಮನುಷ್ಯರಿಗಿರುವುದು ಮೀನಿಗೆ ಇಲ್ಲದೆ ಹೋಗುತ್ತದೆಯೆ? ಅವಳು ಬೆಂಗಳೂರಿನ ಮೀನಿನ ವ್ಯಾಪಾರಿಗೆ ಫೋನ್ ಮಾಡಿ, “ನಿಮ್ಮ ಹತ್ರ ಇರೋದ್ರಲ್ಲೆಲ್ಲ ದೊಡ್ಡದು ಕಳಿಸಿ” ಎಂದಳು. ಅವನು ಹಾಗೇ ಕಳಿಸಿದ.

ಮಂಗಳವಾರ ಮಧ್ಯಾಹ್ನ ರಾಹುಕಾಲ ಬರುವುದಕ್ಕೆ ಮೊದಲೇ ಆಗಿಬಿಡಲಿ ಎಂದು ಮಾದಮ್ಮ ಅವಸರ ಮಾಡಿದಳು. ಮೀನಿದ್ದ ಪ್ಲಾಸ್ಟಿಕ್ ಚೀಲವನ್ನು ಟ್ಯಾಂಕಿನ ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ಬಿಸಿ ಹೊರಗಿನ ಬಿಸಿ ಒಂದಾಗುವವರೆಗೆ ಖೈರುನ್ನೀಸಾ ಕಾದಳು. ಗುಟುಕು ಗುಟುಕಾಗಿ ಟ್ಯಾಂಕಿನ ನೀರನ್ನು ಚೀಲಕ್ಕೆ ಬೆರೆಸಿದಳು. ಸ್ನೇಹ ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದಳು. ಕಾಯುತ್ತ ಕೂತಿದ್ದ ರೋಗಿಗಳೂ ಬೆಂಚು ಬಿಟ್ಟು ಬಂದು ಸುತ್ತ ನಿಂತರು. ಚೀಲದ ಬಾಯಿ ಬಿಚ್ಚಿದಳು. ದೊಡ್ಡ ಮೀನು ಗಂಭೀರವಾಗಿ ಹೊರಗೆ ಬಂತು.

ರಾಣಿ ಮೂಲೆಯಿಂದ ಬಾಣದ ಹಾಗೆ ಬಂದಳು. ಎರಡೂ ಬಾಯಿಗೆ ಬಾಯಿ ಕೊಟ್ಟು ಕಚ್ಚಿಕೊಂಡವು. ಹವಳದ ಕಲ್ಲಿನ ಸುತ್ತ ಒಂದು ಸುತ್ತು, ಮರಳಿಗೆ ಬಿದ್ದು ಇನ್ನೊಂದು ಸುತ್ತು. ನೀರು ರಾಡಿಯಾಯಿತು. ಬಾಲದ ಚೂರೊಂದು ಕಾಗದದ ಹರುಕಿನಂತೆ ಮೇಲೆ ತೇಲಿತು. ಒಂದು ಮಗು ಜೋರಾಗಿ ಅತ್ತಿತು.

ಕೆನ್ನೆ ಊದಿಸಿಕೊಂಡು ಕೂತಿದ್ದ ಮುದುಕನೊಬ್ಬ ನೋವಿನಲ್ಲೂ ಬಾಯಿ ಬಿಟ್ಟ. “ಮದ್ವೆ ಅಲ್ಲ ಕಣ್ರಲಾ ಇದು, ದಾಯಾದಿ ಜಗ್ಳ!”

ಯಾರೂ ನಗಲಿಲ್ಲ. ಖೈರುನ್ನೀಸಾ ತೋಳನ್ನು ಹೆಗಲವರೆಗೆ ನೀರಿಗೆ ಇಳಿಸಿದಳು. ಎರಡು ಬಲೆ ಹಿಡಿದು, ಹವಳ ಮುರಿಯದ ಹಾಗೆ ಹೊಸ ಮೀನನ್ನು ಮೂಲೆಗೆ ಒತ್ತಿ ಹಿಡಿದು ಬಕೆಟ್ಟಿಗೆ ಹಾಕುವ ಹೊತ್ತಿಗೆ ಅವಳ ಕುಪ್ಪಸ ತೊಯ್ದು ತೊಪ್ಪೆಯಾಗಿತ್ತು. ಹೊಸದರ ಬಾಲ ಹರಿದಿತ್ತು. ರಾಣಿಯ ತುಟಿ ಕಿತ್ತಿತ್ತು. ಸ್ನೇಹ ಫೋನನ್ನು ಕೆಳಗಿಳಿಸಿ, ಯಾರೂ ಹೇಳದೆಯೇ ಟ್ಯಾಂಕಿನ ದೀಪ ಆರಿಸಿದಳು. ಮಾದಮ್ಮ ನೆಲದ ಮೇಲೆ ಚೆಲ್ಲಿದ ಉಪ್ಪುನೀರನ್ನು ಒರೆಸತೊಡಗಿದಳು.

ಡಾಕ್ಟರು ಒಳಗೆ ಕರೆದು ಕೂರಿಸಿದರು. “ನಿಮ್ಮ ತಪ್ಪು ಅಂತಲ್ಲಮ್ಮ. ಆದ್ರೆ ಮಕ್ಕಳು ಬರೋ ಜಾಗ. ಮೈಸೂರಿನವ್ರು ಸೋಮವಾರ ಮಧ್ಯಾಹ್ನ ಬಂದು ನೋಡ್ತೀವಿ ಅಂದಿದಾರೆ. ನೋಡಿ ಹೋಗ್ಲಿ ಬಿಡಿ.”

ನೋಡಿ ಹೋಗಲಿ ಎಂದರೆ ಏನೆಂದು ಖೈರುನ್ನೀಸಾಳಿಗೆ ಗೊತ್ತು. ಅವಳು ಒದ್ದೆ ಸೆರಗನ್ನು ಹಿಂಡಿದಳು. “ಸೋಮವಾರದವರೆಗೆ ಟ್ಯಾಂಕು ನನ್ನದೇ ಅಲ್ವಾ ಸಾರ್?”

“ನಿಮ್ಮದೇ.”

“ಹಂಗಾದ್ರೆ ಸರಿ,” ಎಂದು ಎದ್ದಳು.

ಬಸ್ ಸ್ಟಾಂಡಿನಲ್ಲಿ ನಿಂತೇ ಬೆಂಗಳೂರಿಗೆ ಫೋನ್ ಮಾಡಿದಳು. ವ್ಯಾಪಾರಿ ನಡೆದದ್ದನ್ನೆಲ್ಲ ಕೇಳಿಸಿಕೊಂಡ.

“ಅಮ್ಮಾ, ಅಲ್ಲಿ ಒಂದು ಇದೆ ಅಂತ ನೀವು ಹೇಳ್ಲೇ ಇಲ್ವಲ್ಲ! ಈ ಜಾತಿಯಲ್ಲಿ ದೊಡ್ಡದೇ ಹೆಣ್ಣು. ಗಂಡು ಚಿಕ್ಕದು. ಮರಿಗಳು ಗಂಡೂ ಅಲ್ಲ ಹೆಣ್ಣೂ ಅಲ್ಲ. ದೊಡ್ಡದರ ಕೈಕೆಳಗೆ ಬೆಳೆದ್ರೆ ಗಂಡಾಗುತ್ತೆ, ತಾನೇ ಮನೆ ಯಜಮಾನಿ ಆದ್ರೆ ಹೆಣ್ಣಾಗುತ್ತೆ. ನಿಮ್ಮದು ಇಷ್ಟು ವರ್ಷ ಒಂಟಿ ಅಂದ್ರೆ ಅದು ಹೆಣ್ಣೇ. ನಾನು ಕಳಿಸಿದ್ದೂ ಹೆಣ್ಣೇ. ಒಂದೇ ಅಡಿಗೆಮನೆಗೆ ಇಬ್ಬರು ಯಜಮಾನಿಯರನ್ನ ಬಿಟ್ಟಿದೀರಿ.”

ಖೈರುನ್ನೀಸಾ ಬಕೆಟ್ಟಿನ ಪಕ್ಕ ಕಟ್ಟೆಯ ಮೇಲೆ ಕೂತುಬಿಟ್ಟಳು. ಅಳು ಬರಬೇಕಾದ ಜಾಗದಲ್ಲಿ ಅವಳಿಗೆ ನಗು ಬಂತು. ಗಂಡು ಎತ್ತರ ಇರಬೇಕು ಎಂದು ಊರೆಲ್ಲ ಸೇರಿ ಲಗ್ನ ಕಟ್ಟಿದ್ದೇನು, ಆ ಎರಡು ಮೀನುಗಳ ಸಂಕಟವೇನು!

ಮನೆಯಲ್ಲಿ ಪೀರ್ ಅಹಮದ್ ಕೋಲೂರಿಕೊಂಡು ಬಾಗಿಲಿಗೆ ಬಂದ. ಬಕೆಟ್ಟು ನೋಡಿದ, ಅವಳ ಮುಖ ನೋಡಿದ. “ನಾನ್ ಹೇಳಿದ್ನಾ ಇಲ್ವಾ” ಎನ್ನಲಿಲ್ಲ. ಗಾಳಿಯ ಪಂಪನ್ನು ತಾನೇ ಹುಡುಕಿ ತಂದು ಬಕೆಟ್ಟಿಗೆ ಇಳಿಬಿಟ್ಟ. ಆಮೇಲೆ ಮೆಲ್ಲಗೆ, “ಇನ್ನಾದ್ರೂ ಕೊಟ್ಬುಡಾಣ್ವಾ?” ಎಂದ.

“ಸೋಮವಾರ ಕೇಳಿ,” ಎಂದಳು.

ಪಕ್ಕದ ಮನೆಯ ಬೆಕ್ಕು ಬಾಯಿ ಹಾಕೀತೆಂದು, ಅಟ್ಟದ ಮೇಲಿದ್ದ ಹಳೇ ಬಿದಿರು ಬುಟ್ಟಿಯನ್ನು ತಂದು ಬಕೆಟ್ಟಿನ ಮೇಲೆ ಮುಚ್ಚಿದಳು. ನೀರಿನ ಗುಳ್ಳೆಗಳ ತೇವಕ್ಕೆ ಬಿದಿರು ನೆನೆದು ಆ ಹಳೇ ವಾಸನೆ ಎದ್ದಿತು. ರೊಟ್ಟಿ ತಟ್ಟುತ್ತಿದ್ದ ಅವಳ ಕೈ ಹಾಗೇ ನಿಂತಿತು. ಕಿಕ್ಕೇರಿಯ ಹಿತ್ತಲು ಇಡಿಯಾಗಿ ಅಡಿಗೆಮನೆಯೊಳಕ್ಕೆ ಬಂದು ನಿಂತ ಹಾಗಾಯಿತು.

ಸಂತೆಯಿಂದ ಹೊಸ ಕೋಳಿ ತಂದರೆ ನಾನಿ ಅದನ್ನು ನೇರವಾಗಿ ಹಳೆಯವುಗಳ ನಡುವೆ ಬಿಡುತ್ತಿರಲಿಲ್ಲ. ಹಿತ್ತಲಿನ ನಡುಮಧ್ಯೆ ಮಂಕರಿ ಕವುಚಿ ಅದರೊಳಗೆ ಬಿಡುತ್ತಿದ್ದಳು. ಹಳೇ ಕೋಳಿಗಳು ಸುತ್ತ ಬಂದು ಬಿದಿರಿನ ಸಂದಿಗೆ ಕೊಕ್ಕು ತೂರಿಸಿ ಕುಕ್ಕುತ್ತಿದ್ದವು. ಕುಕ್ಕಲಿ, ಪೆಟ್ಟು ಬಿದಿರಿಗೇ ತಾನೆ. ನಾನಿ ಮಂಕರಿಯ ಒಳಗೂ ಹೊರಗೂ ಕಾಳು ಎರಚುತ್ತಿದ್ದಳು. ಒಂದರ ಮುಖ ಒಂದು ನೋಡುತ್ತ ತಿಂದು ತಿಂದು ಕೋಪ ಹಳಸುತ್ತಿತ್ತು. ಆ ನಡುವೆ ಕೋಳಿಗಳು ಕೂರುವ ಕಲ್ಲು, ಮರದ ಕೊರಡುಗಳನ್ನೆಲ್ಲ ಆಚೀಚೆ ಸರಿಸಿಬಿಡುತ್ತಿದ್ದಳು. ‘ಎಲ್ರಿಗೂ ಮನೆ ಹೊಸದಾಗ್ಲಿ, ಆಗ ಯಾರೂ ಯಜಮಾನಿಕೆ ಮಾಡಲ್ಲ.’ ಇನ್ನೊಂದು ಮಾತೂ ಹೇಳುತ್ತಿದ್ದಳು. ‘ಸಂತೆಯಲ್ಲಿ ದೊಡ್ಡ ಕೋಳಿ ಸಾರಿಗೆ, ಸಣ್ಣ ಕೋಳಿ ಸಾಕಕ್ಕೆ.’

ರೊಟ್ಟಿ ಸೀಯುವ ವಾಸನೆಗೆ ಪೀರ್ ಅಹಮದ್ ಒಳಗೆ ಬಂದ. “ಏನಾಯ್ತು?”

“ತರಕಾರಿ ತೊಳೆಯೋ ಪ್ಲಾಸ್ಟಿಕ್ ಬುಟ್ಟಿ, ತೂತು ತೂತಿಂದು, ಹೊಸದು ಎರಡು ಬೇಕು,” ಎಂದಳು ಅವಳು. “ಒಂದರ ಮೇಲೊಂದು ಕವುಚಿ ಕಟ್ಟಿಕೊಡ್ತೀರಾ?”

ಅವನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಕೋಲೂರಿಕೊಂಡು ಅಂಗಡಿಗೆ ಹೋಗಿ ತಂದ. ರಾತ್ರಿಯ ಊಟವಾದ ಮೇಲೆ ಕೂತು, ಅಂಚಿಗೆ ಗಾಳದ ದಾರ ಹಾಕಿ ಅಚ್ಚುಕಟ್ಟಾಗಿ ಹೊಲಿದು, ಮೇಲೊಂದು ಪುಟ್ಟ ಬಾಗಿಲನ್ನೂ ಮಾಡಿಕೊಟ್ಟ.

ಮಾರನೇ ದಿನ ಬೆಳಗ್ಗೆ ಅವಳು ಹೊರಟಳು. ದೊಡ್ಡ ಮೀನನ್ನು ಕೆ.ಆರ್. ಪೇಟೆಯ ಕಣ್ಣಿನ ಆಸ್ಪತ್ರೆಯ ಟ್ಯಾಂಕಿಗೆ ಬಿಟ್ಟಳು. ಅಲ್ಲಿ ಅದರ ಜಾತಿಯದು ಇನ್ನೊಂದಿರಲಿಲ್ಲ. ಅದು ಹರಿದ ಬಾಲ ಎಳೆದುಕೊಂಡು ಇಡೀ ಟ್ಯಾಂಕನ್ನು ಒಂದು ಸುತ್ತು ಹಾಕಿ, ಎಲ್ಲಕ್ಕಿಂತ ಎತ್ತರದ ಕಲ್ಲಿನ ಮೇಲೆ ನಿಂತಿತು. “ಇರು ತಾಯಿ, ಇಲ್ಲಿ ನೀನೇ ಯಜಮಾನಿ,” ಎಂದು ಹೇಳಿ ನಾಗಮಂಗಲದ ಬಸ್ಸು ಹಿಡಿದಳು.

ನಾಗಮಂಗಲದಲ್ಲಿ ಶಿವಶಂಕರ್ ಅವರ ಬಟ್ಟೆ ಅಂಗಡಿಯ ಟ್ಯಾಂಕಿನಲ್ಲಿ ಈ ಜಾತಿಯ ಮೀನಿನ ಒಂದು ಹಿಂಡೇ ಇತ್ತು. ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು, ಬೆರಳ ತುದಿಯಷ್ಟು, ಪಂಪಿನ ಹಿಂದೆ ಅಡಗಿಕೊಂಡೇ ದಿನ ಕಳೆಯುತ್ತಿತ್ತು.

“ಅದಾ?” ಎಂದರು ಶಿವಶಂಕರ್, ಸೀರೆ ಮಡಚುತ್ತ. “ಅದಕ್ಕಿಲ್ಲಿ ಮಾನ ಇಲ್ಲ, ಮರ್ಯಾದೆ ಇಲ್ಲ. ಎಲ್ರೂ ಅಟ್ಟಿಸ್ಕೊಂಡ್ ಹೋಗೋರೇ. ಗಿರಾಕಿಗಳ ಕಣ್ಣಿಗೂ ಬೀಳಲ್ಲ. ತಗೊಂಡೋಗಿ, ಪುಣ್ಯ ಬರ್ಲಿ.”

ಅವರು ದುಡ್ಡಿನ ಮಾತು ಎತ್ತಲೇ ಇಲ್ಲ. ಮೀನಿನ ಡಬ್ಬಿಗೆ ಗಾಳಿ ತಣ್ಣಗೆ ಬಡಿದೀತೆಂದು ಅಟ್ಟಣಿಗೆಯಿಂದ ಹೊಸ ಟವೆಲ್ ಒಂದನ್ನು ಎಳೆದು ತಾವೇ ಸುತ್ತಿಕೊಟ್ಟರು.

ಪಾಂಡವಪುರದ ಬಸ್ಸಿನಲ್ಲಿ ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಹೆಂಗಸರ ಪುಕ್ಕಟೆ ಚೀಟಿ ಹರಿದುಕೊಟ್ಟು, ಟವೆಲಿನ ಕಡೆ ಗಲ್ಲ ತೋರಿಸಿದ.

“ಅದ್ರಲ್ ಏನಮ್ಮ?”

“ಮೀನಪ್ಪ.”

“ಸಾರಿಗಾ?”

“ಸಾಕಕ್ಕೆ.”

“ಜೀವ ಐತಾ?” ಅವನು ಬಗ್ಗಿ ನೋಡಿದ. “ಅಂಗಾರೆ ಟಿಕೀಟು ತಕಬೇಕು. ಗಂಡೋ ಎಣ್ಣೋ? ಎಣ್ಣಾದ್ರೆ ಫ್ರೀ.”

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಖೈರುನ್ನೀಸಾ ಮುಖ ಗಂಭೀರ ಮಾಡಿಕೊಂಡು, “ಇನ್ನೂ ಏನೂ ಆಗಿಲ್ಲ ಕಣಪ್ಪ. ಹೋಗೋ ಮನೆ ನೋಡ್ಕೊಂಡು ಆಯ್ತದೆ,” ಎಂದಳು.

“ಅದೇನೋ ಬುಡವ್ವ, ನಮ್ಗೆ ತಿಳೀದ್ ಲೆಕ್ಕ,” ಎಂದು ಅವನು ಮುಂದೆ ಹೋದ. ಆದರೆ ಡ್ರೈವರಿನ ಕಿವಿಗೆ ಏನೋ ಹೇಳಿರಬೇಕು. ಪ್ರತಿ ರಸ್ತೆ ಉಬ್ಬಿನ ಮುಂದೆಯೂ ಬಸ್ಸು ಬಸುರಿ ಹೆಂಗಸಿನ ಹಾಗೆ ನಿಧಾನವಾಗಿ ಹತ್ತಿ ಇಳಿಯಿತು. ಬಿಸಿಲು ಮಡಿಲಿಗೆ ಬೀಳತೊಡಗಿದಾಗ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು, ಕೇಳದೆಯೇ, ಎದ್ದು ಜಾಗ ಬದಲಿಸಿಕೊಂಡಳು.

ಸಂಜೆ ಆಸ್ಪತ್ರೆಯಲ್ಲಿ ಖೈರುನ್ನೀಸಾ ಮೊದಲು ಟ್ಯಾಂಕಿನೊಳಗಿನ ಬಿಡಿ ಕಲ್ಲುಗಳನ್ನು ಆಚೀಚೆ ಸರಿಸಿದಳು. ರಾಣಿಯ ಖಾಯಂ ಮೂಲೆ ಈಗ ಮೂಲೆಯಾಗಿ ಉಳಿಯಲಿಲ್ಲ. ಆಮೇಲೆ ಗಂಡ ಹೊಲಿದುಕೊಟ್ಟಿದ್ದ ಬುಟ್ಟಿಯನ್ನು ನಡುನೀರಿನಲ್ಲಿ ಇಳಿಬಿಟ್ಟು, ಹೊಸ ಮರಿಯನ್ನು ಅದರೊಳಗೆ ಬಿಟ್ಟಳು.

ಮಾದಮ್ಮ ದೂರದಿಂದಲೇ ಕತ್ತು ಚಾಚಿದಳು. ಹಿಂದಿನ ದಿನದ ಜಗಳದ ಮೇಲೆ ಅವಳು ಟ್ಯಾಂಕಿನ ಹತ್ತಿರ ಸುಳಿದಿರಲಿಲ್ಲ. “ಅಯ್ ಶಿವ್ನೆ! ಇದ್ಯಾವ್ ಗಂಡಮ್ಮ, ನೊಣದಂಗದೆ!”

“ಈ ಜಾತೀಲಿ ಹಿಂಗೇ ಅಂತೆ ಮಾದಕ್ಕ. ಹೆಂಡ್ತಿ ದೊಡ್ಡೋಳು, ಗಂಡ ಸಣ್ಣೋನು.”

ಮಾದಮ್ಮ ಪೊರಕೆ ಹಿಡಿದ ಕೈಯನ್ನೇ ನೋಡಿಕೊಂಡಳು. “ಮತ್ತೆ ನಾನು ದೊಡ್ಡ್ ಗಂಡು ಅಂತ ಬಾಯ್ ಬಡ್ಕಂಡ್ನಲ್ಲ...”

“ನಾವೆಲ್ರೂ ಹೂಂ ಅಂದ್ವಲ್ಲ. ಬುಡು.”

ರಾಣಿ ಬುಟ್ಟಿಗೆ ಮುಗಿಬಿದ್ದಳು. ಗುದ್ದಿದಳು, ಕಚ್ಚಿದಳು. ಪ್ಲಾಸ್ಟಿಕ್ಕು ಜಗ್ಗಲಿಲ್ಲ. ಮರಿ ನಡುಗುತ್ತ ನಡುವಿನಲ್ಲಿ ನಿಂತಿತ್ತು. ಖೈರುನ್ನೀಸಾ ಬುಟ್ಟಿಯ ಒಳಗೊಂದಿಷ್ಟು, ಹೊರಗೊಂದಿಷ್ಟು ತಿಂಡಿ ಉದುರಿಸಿದಳು. ರಾಣಿ ತಿನ್ನಲಿಲ್ಲ. ಗುರುವಾರವೂ ತಿನ್ನಲಿಲ್ಲ. ಶುಕ್ರವಾರ ಒಂದು ಕಾಳು ತಿಂದು, ತಿಂದದ್ದಕ್ಕೆ ನಾಚಿಕೆಯಾದವಳಂತೆ ಬುಟ್ಟಿಗೆ ಇನ್ನೊಂದು ಗುದ್ದು ಕೊಟ್ಟಳು.

ಖೈರುನ್ನೀಸಾ ದಿನವೂ ಬಂದಳು. ಗಂಜಾಂನಿಂದ ಬಸ್ಸು, ಟ್ಯಾಂಕಿನ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ. ನಡುನಡುವೆ ಮಾಡಬೇಕಾದ ಟ್ಯಾಂಕುಗಳನ್ನೂ ಮಾಡಿ ಬಂದಳು. ಊಟಕ್ಕೆ ಹೋಗಬೇಕೆಂದು ಅವಳಿಗೆ ನೆನಪಾಗುತ್ತಲೇ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ತನ್ನ ಡಬ್ಬಿ ಬಿಚ್ಚಿಕೊಂಡು ಕೂರುತ್ತಿದ್ದ ಮಾದಮ್ಮ ಬಾಗಿಲಿಂದ ಕೂಗುತ್ತಿದ್ದಳು. “ಉಣ್ಣಮ್ಮಾ ಓಗು! ಆ ಮೀನು ನಿನ್ ನೋಡಿ ಒಟ್ಟೆ ತುಂಬುಸ್ಕತದಾ?” ಖೈರುನ್ನೀಸಾ, “ಆಮೇಲೆ ಮಾದಕ್ಕ,” ಎನ್ನುತ್ತಿದ್ದಳು. ಆ ಆಮೇಲೆ ಸಂಜೆಯವರೆಗೂ ಬರುತ್ತಿರಲಿಲ್ಲ. ಮಾದಮ್ಮ ತನ್ನ ಒಂದು ಮುದ್ದೆ ಉಂಡು, ಡಬ್ಬಿ ತೊಳೆದು, ಗೊಣಗುತ್ತ ಕೆಲಸಕ್ಕೆ ಹೋಗುತ್ತಿದ್ದಳು.

ಭಾನುವಾರ ಆಸ್ಪತ್ರೆಗೆ ರಜೆ. ಬಾಗಿಲು ಹಾಕಿರುತ್ತದೆಂದು ತಿಳಿದೂ ಖೈರುನ್ನೀಸಾ ಬಂದಳು. ಮೆಟ್ಟಿಲ ಮೇಲೆ ಸ್ನೇಹ ಬೀಗದ ಕೈ ಹಿಡಿದು ಕೂತಿದ್ದಳು.

“ನೀನ್ಯಾಕಮ್ಮ ರಜೆ ದಿನ?”

“ಈ ಕಡೆ ಬಂದಿದ್ದೆ ಆಂಟಿ,” ಎಂದಳು ಸ್ನೇಹ. ಅವಳ ಮನೆ ಊರಿನ ಆ ಕಡೆ ತುದಿಯಲ್ಲಿ ಇತ್ತು.

ಅಂದು ಒಳಗಿನ ಕಾಳನ್ನು ಮರಿ, ಹೊರಗಿನ ಕಾಳನ್ನು ರಾ‍ಣಿ, ಬುಟ್ಟಿಯ ಗೋಡೆಯನ್ನು ನಡುವೆ ಇಟ್ಟುಕೊಂಡು ಮುಖಾಮುಖಿ ತಿಂದವು. ಗುದ್ದು ಬೀಳಲಿಲ್ಲ. ಖೈರುನ್ನೀಸಾ ಸ್ನೇಹಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸೋಮವಾರ ಬೆಳಗ್ಗೆ ಮನೆ ಬಿಡುವಾಗ ಪೀರ್ ಅಹಮದ್ ಹೊಸಿಲ ಹತ್ತಿರ ನಿಂತಿದ್ದ. “ಇವತ್ತು ಆಗ್ಲಿಲ್ಲ ಅಂದ್ರೆ...”

“ಆಗ್ಲಿಲ್ಲ ಅಂದ್ರೆ ಬುಟ್ಟಿ ಮತ್ತೆ ಮುಚ್ತೀನಿ. ನಾನಿಗೂ ಒಂದೇ ಸಲಕ್ಕೆ ಆಗ್ತಿರ್ಲಿಲ್ಲ.”

“ಮೈಸೂರಿನೋರು ಬರ್ತಾರಲ್ಲ.”

“ಬರ್ಲಿ. ಅವರಿಗೂ ಒಂದು ಕುರ್ಚಿ ಹಾಕ್ಸಿ ತೋರಿಸ್ತೀನಿ.”

ಆಸ್ಪತ್ರೆಯಲ್ಲಿ ರೋಗಿಗಳು ಬರುವ ಮುಂಚೆಯೇ ಅವಳು ತೋಳು ಮಡಚಿದಳು. ವಿಡಿಯೋ ಬೇಡವೆಂದು ಯಾರೂ ಹೇಳಬೇಕಾಗಲಿಲ್ಲ, ಸ್ನೇಹಳ ಫೋನು ಮೇಜಿನ ಮೇಲೆಯೇ ಇತ್ತು. ರಾಹುಕಾಲವನ್ನೂ ಯಾರೂ ಕೇಳಲಿಲ್ಲ. ನಾನಿ ಮಂಕರಿ ಎತ್ತುವಾಗ ಸುತ್ತ ಗದ್ದಲ ಮಾಡಗೊಡುತ್ತಿರಲಿಲ್ಲ. ದಿನದ ಕೆಲಸದಲ್ಲಿ ಅದೂ ಒಂದು ಎನ್ನುವ ಹಾಗೆ ಎತ್ತಿ, ಹಿಂದಿರುಗಿ ನೋಡದೆ ಕಾಳು ಎರಚುತ್ತ ಹೋಗುತ್ತಿದ್ದಳು. ಖೈರುನ್ನೀಸಾ ಒಂದು ಚಿಟಿಕೆ ತಿಂಡಿ ಉದುರಿಸಿದಳು. ಬುಟ್ಟಿಯ ಪುಟ್ಟ ಬಾಗಿಲು ತೆರೆದು ಮೆಲ್ಲಗೆ ವಾಲಿಸಿ, ಮರಿ ಈಚೆ ಬಂದಮೇಲೆ ಬುಟ್ಟಿಯನ್ನು ಹೊರತೆಗೆದಳು.

ಮರಿ ಬಯಲಿನಲ್ಲಿ ಒಂಟಿಯಾಗಿ ನಿಂತಿತ್ತು. ರಾಣಿ ತಿರುಗಿದಳು. ನೇರ ಅದರ ಮೇಲೆ ನುಗ್ಗಿದಳು.

ಮರಿ ಓಡಲಿಲ್ಲ. ಪಕ್ಕಕ್ಕೆ ಮೈವಾಲಿಸಿ, ತಲೆಯಿಂದ ಬಾಲದವರೆಗೆ ಗದಗದನೆ ಅದುರಿತು.

“ಅಯ್ಯೋ, ಏನಾಯ್ತು ಆಂಟಿ?” ಸ್ನೇಹ ಪಿಸುಗುಟ್ಟಿದಳು. “ಫಿಟ್ಸಾ?”

“ಅಲ್ಲ,” ಎಂದಳು ಖೈರುನ್ನೀಸಾ. “ಸಲಾಂ ಮಾಡ್ತಾ ಐತೆ.”

ರಾಣಿ ಒಂದು ಅಂಗುಲ ದೂರದಲ್ಲಿ ನಿಂತಳು. ಸುತ್ತ ಬಂದು ನೋಡಿದಳು. ಒಂದು ಸಲ ಬಾಲ ಕಚ್ಚಿದಳು, ಮೆಲ್ಲಗೆ. ಮರಿ ಮತ್ತೆ ವಾಲಿ ಮತ್ತೆ ಅದುರಿತು. ರಾಣಿ ಬೆನ್ನು ತಿರುಗಿಸಿ, ಹೊಸ ಜಾಗಕ್ಕೆ ಬಂದ ಹವಳದ ಕಲ್ಲಿನ ಕಡೆ ಹೊರಟಳು. ಮರಿ ಅವಳ ಬಾಲದ ಹಿಂದೆ, ಒಂದು ಬೆರಳಿನ ಅಂತರ ಬಿಟ್ಟು ಹೊರಟಿತು. ಮೊದಲು ದೊಡ್ಡದು, ಅದರ ಹಿಂದೆ ಚಿಕ್ಕದು.

ಖೈರುನ್ನೀಸಾ ಕುರ್ಚಿಯಲ್ಲಿ ಕೂತಳು. ಇಷ್ಟಕ್ಕೇ ನಂಬುವ ಹಾಗಿಲ್ಲ. ಬುಟ್ಟಿಯನ್ನು ಕೈಗೆಟುಕುವಲ್ಲೇ ಇಟ್ಟುಕೊಂಡಳು. ರೋಗಿಗಳು ಬಂದರು, ಹೋದರು. ಮಗುವೊಂದು ಗಾಜು ತಟ್ಟಲು ಕೈ ಎತ್ತಿದರೆ ಮಾದಮ್ಮ ಆ ಕೈಗೆ ಬಾಳೆಹಣ್ಣು ಕೊಟ್ಟು ಕರೆದುಕೊಂಡು ಹೋದಳು. ಬೆಳಗಿನಿಂದ ರಾಣಿ ಮೂರ್ನಾಲ್ಕು ಸಲ ಬೆನ್ನಟ್ಟಿದಳು, ಅಷ್ಟು ಸಲವೂ ಮರಿ ಸಲಾಂ ಮಾಡಿ ಗೆದ್ದಿತು. ಮಧ್ಯಾಹ್ನವಾಗುವ ಹೊತ್ತಿಗೆ ಎರಡೂ ಒಂದೇ ಹವಳದ ಗೊಂಚಲಿನ ಕೆಳಗೆ, ಅಕ್ಕಪಕ್ಕ, ಅಲುಗುತ್ತ ನಿಂತಿದ್ದವು. ಗಾಜಿನ ಮೂಲೆಯಲ್ಲಿದ್ದ ನೆರಳಿನ ಕಡೆಗೆ ರಾಣಿ ತಿರುಗಿಯೂ ನೋಡಲಿಲ್ಲ.

ಡಾಕ್ಟರು ಕೈಗವಸು ಹಾಕಿಕೊಂಡೇ ಹೊರಗೆ ಬಂದರು. ಬಹಳ ಹೊತ್ತು ನೋಡಿದರು.

“ಗಂಡು ಯಾವುದು?” ಎಂದರು.

“ಚಿಕ್ಕದು ಸಾರ್. ಇನ್ನು ಮೇಲೆ ಆಗುತ್ತೆ.”

ಅವರು ನಗುತ್ತ ತಲೆಯಾಡಿಸಿದರು. “ಮೈಸೂರಿನವ್ರಿಗೆ ಬರೋದು ಬೇಡ ಅಂತ ನಾನೇ ಫೋನ್ ಮಾಡ್ತೀನಿ. ನೀವು ಎಂದಿನಂತೆ ಪ್ರತಿ ಮಂಗಳವಾರ ಬನ್ನಿ.”

ಅವಳು ಗಂಡನಿಗೆ ಫೋನ್ ಮಾಡಿ, “ಕೂಡ್ಕೊಂಡ್ವು,” ಎಂದಷ್ಟೇ ಹೇಳಿದಳು. ಆ ಕಡೆಯಿಂದ ಪೀರ್ ಅಹಮದ್ ಕೆಲಸದ ಮಾತನ್ನೇ ತೆಗೆದ. “ಕೆ.ಆರ್. ಪೇಟೆ ಮೋಟ್ರು ಸದ್ದು ಮಾಡ್ತದೆ ಅಂತಿದ್ದೆಯಲ್ಲ. ನಾಳಿದ್ದು ಹೋಗ್ವಾಗ ಹೊಸ ವಾಷರ್ ತಗೊಂಡೋಗು, ನಾನು ತೆಗೆದಿಟ್ಟಿರ್ತೀನಿ.”

ಫೋನನ್ನು ಮಡಿಲಲ್ಲಿಟ್ಟುಕೊಂಡು ಖೈರುನ್ನೀಸಾ ಹಾಗೇ ಕೂತಳು. ಬೆಳಗ್ಗೆ ಒಂದು ಲೋಟ ಚಹಾ ಕುಡಿದು ಬಂದದ್ದು ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇಲ್ಲ ಎನ್ನುವುದು ಈಗ ತಿಳಿಯಿತು.

ಹಿಂದಿನ ಕೋಣೆಯಿಂದ ಮಾದಮ್ಮ ಬಂದಳು. ಇವತ್ತು ಬಾಗಿಲಿಂದ ಕೂಗಲಿಲ್ಲ. ಪಕ್ಕದಲ್ಲಿ ಸ್ಟೂಲು ಎಳೆದು, ಅದರ ಮೇಲೆ ತನ್ನ ಡಬ್ಬಿ ಇಟ್ಟು ಮುಚ್ಚಳ ತೆಗೆದಳು. ಸೊಪ್ಪಿನ ಉಪ್ಸಾರು, ಪಕ್ಕದಲ್ಲಿ ಖಾರ, ಮೇಲಿನ ಗಿಣ್ಣಲಿನಲ್ಲಿ ಒಂದಕ್ಕೊಂದು ಒತ್ತಿ ಕೂತಿದ್ದ ಎರಡು ಮುದ್ದೆ. ಕೈತೊಳೆಯಲು ಚೊಂಬಿನಲ್ಲಿ ನೀರು ತಂದಿದ್ದಳು. ಒಂದು ಮುದ್ದೆಯನ್ನು ತಟ್ಟೆಗೆ ಹಾಕಿ, ನಡುವೆ ಗುಳಿ ಮಾಡಿ ಸಾರು ಬಿಟ್ಟು, ಖೈರುನ್ನೀಸಾಳ ಕೈಗೆ ಕೊಟ್ಟಳು.